ಆರ್ಡ್‌ಮೋರ್ ಬೀದಿಯ ಮನೆ ಮತ್ತು ಅಮ್ಮ ಕೇಳಿದ ಪ್ರಶ್ನೆ



"ನೀವಿರುವ ಊರಿನ ಚರಿತ್ರೆಯನ್ನು ಕನ್ನಡದಲ್ಲಿ ಬರೆದು ಕಳಿಸಿ" ಎಂದು ಹೋದ ಸಂಚಿಕೆಯಲ್ಲಿ ಸಂಪಾದಕರು ಕೇಳಿದ್ದರು. ನಾನಿರುವುದು ಒಹಾಯೋ ರಾಜ್ಯದ ಆಕ್ರನ್ ನಗರದ ಹತ್ತಿರ. ಆಕ್ರನ್ ಅಂದರೆ ಟೈರು. ಗುಡ್‌ರಿಚ್, ಗುಡ್‌ಇಯರ್, ಫೈರ್‌ಸ್ಟೋನ್ ಎಲ್ಲ ಬೆಳೆದದ್ದು ಇಲ್ಲಿಯೇ. ಒಂದು ಕಾಲದಲ್ಲಿ ಈ ಊರಿಗೆ ಜಗತ್ತಿನ ರಬ್ಬರ್ ರಾಜಧಾನಿ ಎಂದೇ ಹೆಸರು. ಹಾಗಾಗಿ ನಾನು ಟೈರಿನ ಕಥೆ ಬರೆಯುತ್ತೇನೆಂದು ನೀವು ಅಂದುಕೊಂಡಿದ್ದರೆ ಕ್ಷಮಿಸಿ. ನಾನು ಬರೆಯಹೊರಟಿರುವುದು ಈ ಊರಿನ ಒಂದು ಮನೆಯ ಕಥೆ. ವಿಳಾಸ: 855, ಆರ್ಡ್‌ಮೋರ್ ಅವೆನ್ಯೂ.

2017ರ ಜೂನ್ ತಿಂಗಳಲ್ಲಿ ಅಪ್ಪ ಅಮ್ಮ ನಮ್ಮ ಮನೆಗೆ ಬಂದಿದ್ದರು. ನಯಾಗರ ಆಯಿತು, ದೇವಸ್ಥಾನ ಆಯಿತು, ಕಾಸ್ಟ್‌ಕೋ ಅಂತೂ ನಾಲ್ಕು ಸಲ ಆಯಿತು. ಒಂದು ಭಾನುವಾರ ಆಕ್ರನ್ ಕಡೆಗೆ ಹೊರಟಾಗ ರಸ್ತೆಯಲ್ಲಿ ಮೋಟಾರ್‌ಸೈಕಲ್ಲುಗಳ ದೊಡ್ಡ ಮೆರವಣಿಗೆ ಎದುರಾಯಿತು. ಚರ್ಮದ ಜಾಕೆಟ್, ತೋಳಿನ ತುಂಬ ಹಚ್ಚೆ, ಎದೆ ತನಕ ಗಡ್ಡ! ಅಮ್ಮ ಹೆದರಿ ಕಾರಿನ ಗಾಜು ಏರಿಸಿದಳು. "ಇವರೆಲ್ಲ ಕುಡುಕರೇನೋ?" ಅಂದಳು. "ಹೌದಮ್ಮ, ಆದರೆ ಕುಡಿಯೋದು ಬಿಟ್ಟವರು" ಅಂದೆ. ಪ್ರತಿ ವರ್ಷ ಜೂನ್‌ನಲ್ಲಿ ಸಾವಿರಾರು ಜನ ಹೀಗೆ ಆಕ್ರನ್‌ಗೆ ಬರುತ್ತಾರೆ. ಒಬ್ಬ ಡಾಕ್ಟರ ಸಮಾಧಿಗೆ ಹೋಗಿ ನಮಸ್ಕರಿಸಿ, ತಾವು ಕುಡಿಯದೆ ಕಳೆದ ವರ್ಷಗಳ ಪದಕವನ್ನು ಅಲ್ಲಿಟ್ಟು ಹೋಗುತ್ತಾರೆ. ಆ ಡಾಕ್ಟರು ಬಾಬ್ ಸ್ಮಿತ್. ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಎಂಬ ಸಂಘವನ್ನು 1935ರಲ್ಲಿ ಆರಂಭಿಸಿದ ಇಬ್ಬರಲ್ಲಿ ಒಬ್ಬರು. ಅವರ ಮನೆಯೇ ಈ ಆರ್ಡ್‌ಮೋರ್ ಬೀದಿಯ ಮನೆ. ಈಗ ಅದೊಂದು ವಸ್ತುಸಂಗ್ರಹಾಲಯ. 2012ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕವೆಂದು ಘೋಷಿತವಾಯಿತು.

ಹಿಂದಿನ ಸೀಟಿನಲ್ಲಿ ಕೂತಿದ್ದ ಅಪ್ಪ ಮೆಲ್ಲಗೆ ಅಂದರು: "ಅಲ್ಲಿಗೇ ಹೋಗಣ."

ನಮ್ಮಪ್ಪ 1998ರಲ್ಲಿ ಕುಡಿತ ಬಿಟ್ಟವರು. ಈ ಮಾತನ್ನು ನಾನು ಬಳಗದಲ್ಲಿ ಈವರೆಗೆ ಯಾರ ಹತ್ತಿರವೂ ಹೇಳಿಲ್ಲ. ಬರೆಯುವ ಮೊದಲು ಅಪ್ಪನಿಗೆ ಫೋನ್ ಮಾಡಿ ಕೇಳಿದೆ. "ಬರಿ ಮಾರಾಯ, ಊರಿಗೆಲ್ಲ ಗೊತ್ತಿದ್ದಿದ್ದೇ ತಾನೆ" ಅಂದರು.

ಆ ಮನೆಯ ಬಾಗಿಲಲ್ಲಿ ಒಬ್ಬ ವಯಸ್ಸಾದ ಸ್ವಯಂಸೇವಕರು ನಿಂತಿದ್ದರು. ಬಂದವರಿಗೆಲ್ಲ "ಮನೆಗೆ ಸ್ವಾಗತ" ಅನ್ನುವುದು ಅಲ್ಲಿಯ ಪದ್ಧತಿ. ಅವರು ಮನೆಯ ಕಥೆ ಹೇಳುತ್ತಾ ಹೋದರು. ಇಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು, ಕುಡಿತ ಬಿಡಿಸಿಕೊಳ್ಳಲು ಬಂದವರನ್ನು ಮೇಲಿನ ಕೋಣೆಗಳಲ್ಲಿ ಮಲಗಿಸುತ್ತಿದ್ದರು... ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು:

"ಮಕ್ಕಳು? ಮಕ್ಕಳು ಎಲ್ಲಿ ಮಲಗ್ತಿದ್ರಂತೆ?"

ಈ ಲೇಖನ ಅಮ್ಮನ ಆ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದು. ಎಎ ಚರಿತ್ರೆಯನ್ನು ಸಾಮಾನ್ಯವಾಗಿ ಇಬ್ಬರು ಗಂಡಸರ ಕಥೆಯಾಗಿ ಹೇಳುತ್ತಾರೆ. ಒಬ್ಬ ಕುಡುಕ ಇನ್ನೊಬ್ಬ ಕುಡುಕನನ್ನು ಭೇಟಿಯಾದ, ಇಬ್ಬರೂ ಉದ್ಧಾರವಾದರು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಆದರೆ ಆ ಕಥೆ ನಡೆದದ್ದು ಒಂದು ಸಂಸಾರದ ಮನೆಯಲ್ಲಿ. ಕುಡಿತ ಬಿಟ್ಟವನು ಒಬ್ಬನಾದರೂ ವಾಸಿಯಾಗಬೇಕಾದವರು ಇನ್ನೂ ಮೂವರಿದ್ದರು. ಅದು ಲೋಕಕ್ಕೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ಡಾಕ್ಟರ ಬಾಟಲಿಗಳು

ಬಾಬ್ ಸ್ಮಿತ್ ಹುಟ್ಟಿದ್ದು 1879ರಲ್ಲಿ, ವರ್ಮಾಂಟ್ ರಾಜ್ಯದಲ್ಲಿ. ಡಾರ್ಟ್‌ಮತ್ ಕಾಲೇಜಿನಲ್ಲಿ ಓದುವಾಗಲೇ ಕುಡಿತ ಅಂಟಿತು. ವೈದ್ಯಶಿಕ್ಷಣ ಕುಂಟುತ್ತಾ ಸಾಗಿ, ಕೊನೆಗೂ 1910ರಲ್ಲಿ ಡಾಕ್ಟರಾಗಿ ಆಕ್ರನ್‌ಗೆ ಬಂದರು. 1915ರಲ್ಲಿ ಆನ್ ರಿಪ್ಲಿಯವರನ್ನು ಮದುವೆಯಾದರು. ಆನ್ ವೆಲ್ಸ್‌ಲಿ ಕಾಲೇಜಿನಲ್ಲಿ ಓದಿದವರು, ಮೃದು ಸ್ವಭಾವದವರು. 1918ರಲ್ಲಿ ಮಗ ಹುಟ್ಟಿದ. ಅವನ ಹೆಸರೂ ರಾಬರ್ಟ್. ಎಲ್ಲರೂ ಕರೆಯುತ್ತಿದ್ದದ್ದು ಸ್ಮಿಟಿ ಎಂದು. ಐದು ವರ್ಷಗಳ ನಂತರ ಅವನದೇ ವಯಸ್ಸಿನ ಸೂ ಎಂಬ ಹುಡುಗಿಯನ್ನು ದತ್ತು ತೆಗೆದುಕೊಂಡರು.

1920ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಬಂತು. ಇನ್ನು ಸಿಗುವುದೇ ಇಲ್ಲವಲ್ಲ, ತಾನಾಗಿಯೇ ಬಿಟ್ಟುಹೋಗುತ್ತದೆ ಎಂದು ಬಾಬ್ ನಂಬಿದ್ದರಂತೆ. ಆದರೆ ಡಾಕ್ಟರುಗಳಿಗೆ ಔಷಧದ ಹೆಸರಿನಲ್ಲಿ ಮದ್ಯ ಬರೆದುಕೊಡುವ ಅಧಿಕಾರ ಉಳಿದಿತ್ತು! ಟೆಲಿಫೋನ್ ಪುಸ್ತಕದಿಂದ ಯಾರದೋ ಹೆಸರು ಹೆಕ್ಕಿ ಚೀಟಿ ಬರೆದು, ಆ ವಿಸ್ಕಿಯನ್ನು ತಾವೇ ಕುಡಿಯುತ್ತಿದ್ದರು ಎಂದು ಅವರೇ ಒಪ್ಪಿಕೊಂಡಿದ್ದಾರೆ. ಕಳ್ಳಬಟ್ಟಿಯವರೂ ಬೇಗನೆ ಹುಟ್ಟಿಕೊಂಡರು. 1933ರಲ್ಲಿ ನಿಷೇಧ ಹೋಯಿತು. (ನಮ್ಮ ಕರ್ನಾಟಕದಲ್ಲಿ 2007ರ ಜುಲೈ 1ರಂದು ಸಾರಾಯಿ ನಿಷೇಧವಾದಾಗ, ಪ್ಯಾಕೆಟ್ ಹೋದರೆ ಕುಡಿತವೂ ಹೋಗುತ್ತದೆ ಎಂದು ಎಷ್ಟೋ ಮನೆಯ ಹೆಂಗಸರು ದೀಪ ಹಚ್ಚಿರಬಹುದು. ಪ್ಯಾಕೆಟ್ ಹೋಯಿತು, ಕ್ವಾರ್ಟರ್ ಬಾಟಲಿ ಬಂತು.)

ಬಾಬ್ ಬಾಟಲಿ ಬಚ್ಚಿಡುತ್ತಿದ್ದ ಜಾಗಗಳ ಪಟ್ಟಿ ದೊಡ್ಡದು: ಕಲ್ಲಿದ್ದಲ ತೊಟ್ಟಿ, ಬಟ್ಟೆ ಒಗೆಯಲು ಕೆಳಕ್ಕೆ ಜಾರಿಸುವ ಕೊಳವೆ, ಬಾಗಿಲಿನ ಚೌಕಟ್ಟಿನ ಮೇಲೆ, ನೆಲಮಾಳಿಗೆಯ ತೊಲೆಗಳ ಮೇಲೆ. ಚಿಕ್ಕ ಬಾಟಲಿಗಳನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡು ಮನೆಗೆ ತರುತ್ತಿದ್ದರು. ಒಂದು ದಿನ ಗಂಡ ಹೆಂಡತಿ 'ಟಗ್‌ಬೋಟ್ ಆ್ಯನಿ' ಎಂಬ ಸಿನಿಮಾಕ್ಕೆ ಹೋದರು. ಅದರಲ್ಲಿನ ಪಾತ್ರವೂ ಇದೇ ಉಪಾಯ ಮಾಡುತ್ತಿತ್ತು. ಅಲ್ಲಿಗೆ ಕಾಲುಚೀಲದ ವಿದ್ಯೆ ಬಯಲಾಯಿತು!

ಓದಲು ತಮಾಷೆಯಾಗಿದೆ. ಆದರೆ ಮನೆಯವರ ಕಡೆಯಿಂದ ನೋಡಿ. ಅವರು ಬಚ್ಚಿಡುವುದರಲ್ಲಿ ಪ್ರವೀಣರಾದಂತೆ ಇವರು ಹುಡುಕುವುದರಲ್ಲಿ ಪ್ರವೀಣರಾಗಬೇಕಾಯಿತು. ಹೆಂಡತಿಗೆ, ಮಕ್ಕಳಿಗೆ, ಸ್ನೇಹಿತರಿಗೆ ಬಾಬ್ ಕೊಟ್ಟ ಮಾತುಗಳಿಗೆ ಲೆಕ್ಕವಿಲ್ಲ. ಕೊಡುವಾಗ ಪ್ರಾಮಾಣಿಕವಾಗಿಯೇ ಕೊಡುತ್ತಿದ್ದರು. ಅಂಥ ಮನೆಯ ಮಕ್ಕಳು ಮೊದಲು ಕಲಿಯುವ ಪಾಠ, ಮಾತನ್ನು ನಂಬಬಾರದು ಎಂಬುದು.

ಅಮ್ಮಂದಿರ ದಿನ

ಇತ್ತ ನ್ಯೂಯಾರ್ಕಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರುಪೇಟೆಯ ಮನುಷ್ಯ. ಬಾಲ್ಯದಲ್ಲಿಯೇ ತಂದೆ ತಾಯಿ ಬೇರೆಯಾಗಿ, ಅಜ್ಜ ಅಜ್ಜಿಯ ಹತ್ತಿರ ಬೆಳೆದವರು. 1918ರಲ್ಲಿ ಲೋಯಿಸ್ ಬರ್ನಮ್ ಅವರನ್ನು ಮದುವೆಯಾದರು. ಮಕ್ಕಳಾಗಲಿಲ್ಲ. ಬಿಲ್ ಕುಡಿದು ಬೀಳುತ್ತಿದ್ದರು, ಲೋಯಿಸ್ ಅಂಗಡಿಯಲ್ಲಿ ಕೆಲಸ ಮಾಡಿ ಮನೆ ನಡೆಸುತ್ತಿದ್ದರು. 1934ರ ಡಿಸೆಂಬರ್‌ನಲ್ಲಿ ಆಸ್ಪತ್ರೆಯಲ್ಲಿ ಆದ ಒಂದು ಆಧ್ಯಾತ್ಮಿಕ ಅನುಭವದ ನಂತರ ಬಿಲ್ ಕುಡಿಯಲಿಲ್ಲ. ಆಮೇಲಿನ ಐದು ತಿಂಗಳು ಸಿಕ್ಕ ಸಿಕ್ಕ ಕುಡುಕರಿಗೆಲ್ಲ ಬುದ್ಧಿ ಹೇಳಿದರು. ಒಬ್ಬನೂ ಬಿಡಲಿಲ್ಲ. ಬೇಸರಪಟ್ಟಾಗ ಲೋಯಿಸ್ ಹೇಳಿದ್ದು ಇಷ್ಟೇ: ನೀವಂತೂ ಕುಡಿದಿಲ್ಲವಲ್ಲ!

1935ರ ಮೇ ತಿಂಗಳಲ್ಲಿ ವ್ಯವಹಾರಕ್ಕೆಂದು ಬಿಲ್ ಆಕ್ರನ್‌ಗೆ ಬಂದರು. ವ್ಯವಹಾರ ಕೈಕೊಟ್ಟಿತು. ಮೇ 11, ಶನಿವಾರ. ಮೇಫ್ಲವರ್ ಹೋಟೆಲಿನ ಪಡಸಾಲೆ. ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್. ಬಿಲ್ ಟೆಲಿಫೋನಿನ ಕಡೆಗೆ ನಡೆದರು. ಒಬ್ಬ ಪಾದ್ರಿಯ ಮೂಲಕ ಹೆನ್ರಿಯೆಟ್ಟಾ ಸೈಬರ್ಲಿಂಗ್ ಅವರ ಸಂಪರ್ಕ ಸಿಕ್ಕಿತು (ಗುಡ್‌ಇಯರ್ ಸ್ಥಾಪಕರ ಸೊಸೆ, ನೋಡಿ, ಟೈರಿನ ಕಥೆಯೂ ಬಂತು). ಹೆನ್ರಿಯೆಟ್ಟಾ ಕೂಡಲೇ ಆನ್ ಸ್ಮಿತ್‌ಗೆ ಫೋನ್ ಮಾಡಿದರು. ಆದರೆ ಮಾರನೆಯ ದಿನದ ಅಮ್ಮಂದಿರ ದಿನಕ್ಕೆಂದು ಬಾಬ್ ಒಂದು ಹೂವಿನ ಕುಂಡ ತಂದಿದ್ದರು. ಕುಂಡ ಮೇಜಿನ ಮೇಲಿತ್ತು, ತಂದವರು ಮೇಜಿನ ಕೆಳಗಿದ್ದರು.

ಮೇ 12ರ ಭಾನುವಾರ ಸಂಜೆ ಐದಕ್ಕೆ ಭೇಟಿ. ಹದಿನೈದು ನಿಮಿಷ ಮಾತ್ರ ಎಂಬ ಷರತ್ತಿನ ಮೇಲೆ ಬಂದ ಬಾಬ್ ಎದ್ದದ್ದು ರಾತ್ರಿ ಹನ್ನೊಂದು ದಾಟಿದ ಮೇಲೆ. ಆವರೆಗೆ ಎಲ್ಲರೂ ಅವರಿಗೆ ಕುಡಿತದ ಬಗ್ಗೆ ಉಪದೇಶ ಮಾಡಿದವರೇ. ತನ್ನ ಕುಡಿತದ ಬಗ್ಗೆ ಹೇಳಿಕೊಂಡವರಲ್ಲಿ ಈತನೇ ಮೊದಲಿಗ. ಇಡೀ ಎಎ ಚಳವಳಿಯ ಗುಟ್ಟು ಇಷ್ಟೇ. ಮೇಲಿನಿಂದ ಕೆಳಗೆ ಹೇಳುವ ಮಾತಲ್ಲ, ಅಕ್ಕಪಕ್ಕ ಕೂತವರ ಮಾತು.

ಬಿಲ್ ಆ ಬೇಸಿಗೆಯಲ್ಲಿ ಆರ್ಡ್‌ಮೋರ್ ಮನೆಯಲ್ಲಿಯೇ ಉಳಿದರು. ಜೂನ್‌ನಲ್ಲಿ ಬಾಬ್ ಅಟ್ಲಾಂಟಿಕ್ ಸಿಟಿಯ ವೈದ್ಯರ ಸಮ್ಮೇಳನಕ್ಕೆ ಹೋಗಿ ಮತ್ತೊಮ್ಮೆ ಕುಡಿದು ಬಂದರು. ಹಿಂದಿರುಗಿದ ಮೇಲೆ ಒಂದು ಶಸ್ತ್ರಚಿಕಿತ್ಸೆ ಇತ್ತು. ಕೈ ನಡುಗಬಾರದೆಂದು ಬಿಲ್ ಅವರೇ ಒಂದು ಬಾಟಲಿ ಬಿಯರ್ ಕೊಟ್ಟರು. ಅದೇ ಕೊನೆ. ಎಎ ಲೆಕ್ಕದಲ್ಲಿ ಆ ದಿನ 1935ರ ಜೂನ್ 10. ಆದರೆ ಆ ಸಮ್ಮೇಳನ ನಡೆದದ್ದೇ ಜೂನ್ 10ರಿಂದ 14ರವರೆಗೆ. ಹಾಗಾಗಿ ನಿಜವಾದ ದಿನ ಒಂದು ವಾರ ಈಚೆಗಿರಬೇಕು ಎಂದು ಚರಿತ್ರಕಾರರು ತೋರಿಸಿದ್ದಾರೆ. ದಿನ ಯಾವುದಾದರೇನು, ಆ ಶಸ್ತ್ರಚಿಕಿತ್ಸೆಯ ದಿನ ಬಾಬ್ ತಡರಾತ್ರಿಯವರೆಗೆ ಮನೆಗೆ ಬರಲಿಲ್ಲ. ಮನೆಯಲ್ಲಿ ಎಲ್ಲರೂ ಅಂದುಕೊಂಡದ್ದು ಒಂದನ್ನೇ. ಬಂದಾಗ ನೋಡಿದರೆ, ಕುಡಿದಿಲ್ಲ! ತಾವು ನೋಯಿಸಿದವರ, ಸಾಲ ಉಳಿಸಿಕೊಂಡವರ ಬಾಗಿಲುಗಳಿಗೆ ಹೋಗಿ ಕ್ಷಮೆ ಕೇಳಿಬರುತ್ತಿದ್ದರು.

ಆನಂತರ 1950ರಲ್ಲಿ ತೀರಿಕೊಳ್ಳುವ ತನಕ ಡಾಕ್ಟರ್ ಬಾಬ್ ಕುಡಿಯಲಿಲ್ಲ. ಸಿಸ್ಟರ್ ಇಗ್ನೇಷಿಯಾ ಎಂಬ ಸನ್ಯಾಸಿನಿಯ ಜೊತೆ ಸೇರಿ ಸಾವಿರಾರು ಕುಡಿತದ ರೋಗಿಗಳಿಗೆ ಹಣ ಪಡೆಯದೆ ಚಿಕಿತ್ಸೆ ಮಾಡಿದರು.

ಕುಡಿತ ಬಿಟ್ಟ ಮೇಲಿನ ಮನೆ

ಸಿನಿಮಾ ಆದರೆ ಇಲ್ಲಿಗೆ 'ಶುಭಂ'. ಆದರೆ ಸೂ ಮತ್ತು ಸ್ಮಿಟಿ ಎಂಬ ಹದಿಹರೆಯದ ಮಕ್ಕಳ ಮನೆಯಲ್ಲಿ ಆದದ್ದೇನು? ತಂದೆಯ ಕುಡಿತ ಹೋಯಿತು, ಊರಿನ ಕುಡುಕರು ಬಂದರು! ಆಸ್ಪತ್ರೆಗಳು ಇಂಥವರನ್ನು ಸೇರಿಸಿಕೊಳ್ಳಲು ಒಪ್ಪದ ಕಾಲ ಅದು. ಮೇಲಿನ ಕೋಣೆಗಳಲ್ಲಿ ಯಾರೋ ನಡುಗುತ್ತಾ ಮಲಗಿರುತ್ತಿದ್ದರು. ಬಂದವರಿಗೆ ಮನೆಯ ಮಕ್ಕಳೇ ಜಾಗ ಬಿಟ್ಟುಕೊಡಬೇಕಿತ್ತು. ಅಮ್ಮನ ಪ್ರಶ್ನೆಗೆ ಆ ಸ್ವಯಂಸೇವಕರು ಕೊಟ್ಟ ಉತ್ತರವೂ ಅದೇ.

ಆ ಮೊದಲ ಬೇಸಿಗೆಯಲ್ಲಿಯೇ ಎಡ್ಡಿ ಎಂಬಾತನನ್ನು ಸಂಸಾರಸಮೇತ ಮನೆಗೆ ಕರೆತಂದಿದ್ದರು. ಆತ ಒಂದು ದಿನ ಅಡುಗೆಮನೆಯ ಚೂರಿ ಹಿಡಿದು ಆನ್ ಅವರ ಮೇಲೆಯೇ ಹೋದ. (ಆತ ಆಗ ಸುಧಾರಿಸಲಿಲ್ಲ. ಆದರೆ ಹದಿನೈದು ವರ್ಷಗಳ ನಂತರ ಡಾಕ್ಟರ್ ಬಾಬ್ ಅವರ ಅಂತ್ಯಕ್ರಿಯೆಗೆ ಬಂದಿದ್ದ, ಕುಡಿತ ಬಿಟ್ಟು ಒಂದು ವರ್ಷವಾಗಿತ್ತಂತೆ!) ಆನ್ ಇದನ್ನೆಲ್ಲ ಸಹಿಸಿದರು. ಸಹಿಸಿದ್ದಷ್ಟೇ ಅಲ್ಲ, ಬಂದವರ ಹೆಂಡತಿಯರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುತ್ತಿದ್ದರು. ಸಭೆಗೆ ಹೊಸಬರು ಬಂದರೆ ಮೂಲೆಯಲ್ಲಿ ಕೂತವರ ಪಕ್ಕಕ್ಕೆ ಮೊದಲು ಹೋಗುತ್ತಿದ್ದವರು ಅವರೇ. 1949ರಲ್ಲಿ ತೀರಿಕೊಂಡರು.

ಮಕ್ಕಳಿಬ್ಬರ ದಾರಿ ಬೇರೆ ಬೇರೆಯಾಯಿತು. ಸ್ಮಿಟಿ ತಂದೆಯ ಬಗ್ಗೆ ಹೆಮ್ಮೆಯಿಂದ, ನಗುನಗುತ್ತಾ ಎಎ ಸಭೆಗಳಲ್ಲಿ ಮಾತಾಡುತ್ತಾ ದೇಶವೆಲ್ಲ ತಿರುಗಿದ, 2004ರಲ್ಲಿ ತೀರಿಕೊಂಡ. ಸೂಳ ಕಥೆ ಅಷ್ಟು ಸರಳವಲ್ಲ. ಕುಡಿತ ಬಿಡಲೆಂದು ಬಂದಿದ್ದ ಎರ್ನಿ ಎಂಬಾತನನ್ನು ಅವಳು 1941ರಲ್ಲಿ ಮದುವೆಯಾದಳು. ಆತ ಬಿಟ್ಟು ಹಿಡಿದು, ಹಿಡಿದು ಬಿಟ್ಟು, ಕೊನೆಗೆ ಆ ಮದುವೆ ಮುರಿಯಿತು. ಬಹಳ ವರ್ಷಗಳ ಮೇಲೆ ಹೈಸ್ಕೂಲಿನ ಕಾಲದ ಗೆಳೆಯ ರೇ ವಿಂಡೋಸ್‌ನನ್ನೇ ಮದುವೆಯಾದಳು. 1992ರಲ್ಲಿ ಈ ಇಬ್ಬರ ನೆನಪುಗಳೂ ಸೇರಿ 'ಚಿಲ್ಡ್ರನ್ ಆಫ್ ದ ಹೀಲರ್' ಎಂಬ ಪುಸ್ತಕವಾಯಿತು. ಅದೇ ತಂದೆ, ಅದೇ ಮನೆ, ಅದೇ ವರ್ಷಗಳು. ನೆನಪು ಮಾತ್ರ ಇಬ್ಬರದೂ ಬೇರೆ. ಜಗತ್ತಿನ ಲಕ್ಷಾಂತರ ಜನರಿಗೆ ಹೊಸ ಬಾಳು ಕೊಟ್ಟ ಮನೆಯ ಮಗಳೇ ಮತ್ತೆ ಕುಡಿತದ ಮನೆಗೆ ಸೇರಿದಳು ಎಂಬುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಲೋಯಿಸ್ ಎಸೆದ ಚಪ್ಪಲಿ

ಈಗ ಬ್ರೂಕ್ಲಿನ್‌ಗೆ ಹೋಗೋಣ. ಗಂಡ ಕುಡಿತ ಬಿಟ್ಟಿದ್ದಾರೆ. ಹದಿನೇಳು ವರ್ಷ ಲೋಯಿಸ್ ದೇವರಲ್ಲಿ ಬೇಡಿದ್ದು ಇದನ್ನೇ. ಒಂದು ದಿನ ಸಭೆಗೆ ಹೊತ್ತಾಯಿತು, ಬೇಗ ಹೊರಡು ಎಂದು ಬಿಲ್ ಮಾಮೂಲಿನಂತೆ ಅಂದರು. ಲೋಯಿಸ್ ಕೈಯಲ್ಲಿದ್ದ ಷೂ ಎತ್ತಿ ಎಸೆದರು. ನಿಮ್ಮ ಹಾಳು ಸಭೆಗಳೋ ಎಂದು ಕೂಗಿಬಿಟ್ಟರು. ಎಸೆದವರಿಗೇ ಆಶ್ಚರ್ಯ! ಕುಡಿಯುತ್ತಿದ್ದಾಗ ಬಾರದ ಸಿಟ್ಟು ಬಿಟ್ಟ ಮೇಲೆ ಯಾಕೆ ಬಂತು?

ಲೋಯಿಸ್ ಮುಂದೆ ತಮ್ಮನ್ನೇ ಪರೀಕ್ಷಿಸಿಕೊಂಡು ಕಂಡುಕೊಂಡ ಉತ್ತರ ಪ್ರಾಮಾಣಿಕವಾಗಿತ್ತು. ಇಷ್ಟು ವರ್ಷ ತನ್ನ ಪ್ರೀತಿಯಿಂದ, ತನ್ನ ದುಡಿಮೆಯಿಂದ ಆಗದ ಕೆಲಸ ಯಾರೋ ಅಪರಿಚಿತರಿಂದ ಕೆಲವೇ ತಿಂಗಳಲ್ಲಿ ಆಯಿತಲ್ಲ ಎಂಬ ಉರಿ. ಅವರ ಬದುಕಿಗೆ ಇದ್ದ ಒಂದೇ ಕೆಲಸ ಗಂಡನನ್ನು ಉಳಿಸುವುದು. ಈಗ ಆ ಕೆಲಸವೇ ಇಲ್ಲ.

ಕಷ್ಟಗಳೂ ಮುಗಿಯಲಿಲ್ಲ. 1939ರ ಏಪ್ರಿಲ್‌ನಲ್ಲಿ ಎಎ ಪುಸ್ತಕ ಪ್ರಕಟವಾದ ತಿಂಗಳಲ್ಲಿಯೇ ಅವರ ಮನೆ ಕೈಬಿಟ್ಟಿತು. ಎರಡು ವರ್ಷ ಸ್ನೇಹಿತರ ಮನೆಗಳಲ್ಲಿ ಐವತ್ತಕ್ಕೂ ಹೆಚ್ಚು ಕಡೆ ಗಂಟುಮೂಟೆ ಹೊತ್ತು ಅಲೆದರು. ಆ ಪುಸ್ತಕದಲ್ಲಿ ಹೆಂಡತಿಯರಿಗೆಂದೇ ಒಂದು ಅಧ್ಯಾಯವಿದೆ, ಹೆಂಡತಿಯರ ದನಿಯಲ್ಲಿ. ಅದನ್ನು ಬರೆಯಲು ಲೋಯಿಸ್‌ಗೆ ಆಸೆಯಿತ್ತು. ಬಿಲ್ ಬಿಡಲಿಲ್ಲ, ಶೈಲಿ ಒಂದೇ ಇರಬೇಕೆಂದು ತಾವೇ ಬರೆದರು! ಆ ನೋವನ್ನು ಲೋಯಿಸ್ ಬಹುಕಾಲ ಮರೆಯಲಿಲ್ಲ. ಮದ್ಯ ಬಿಟ್ಟ ಬಿಲ್ ಸಿಗರೇಟು ಬಿಡಲಾಗದೆ ಶ್ವಾಸಕೋಶ ಕೆಡಿಸಿಕೊಂಡು 1971ರಲ್ಲಿ ತೀರಿಕೊಂಡರು. ಕುಡಿತ ಬಿಟ್ಟವರು ದೇವರಾಗುವುದಿಲ್ಲ, ಮನುಷ್ಯರಾಗುತ್ತಾರೆ ಅಷ್ಟೆ.

ಗಂಡಸರು ಒಳಗೆ ಸಭೆ ನಡೆಸುವಾಗ ಹೆಂಡತಿಯರು ಅಡುಗೆಮನೆಯಲ್ಲಿ ಕಾಫಿ ಕಾಯಿಸುತ್ತಾ, ಇಲ್ಲವೇ ಹೊರಗೆ ಕಾರಿನಲ್ಲಿ ಕಾಯುತ್ತಾ ಇರುತ್ತಿದ್ದರು. ಆ ಹೆಂಗಸರೇ ಅಲ್ಲಲ್ಲಿ ಚಿಕ್ಕ ಗುಂಪುಗಳಾಗಿ ತಮ್ಮ ಕಷ್ಟ ಹೇಳಿಕೊಳ್ಳತೊಡಗಿದರು. 1951ರಲ್ಲಿ ಲೋಯಿಸ್ ಮತ್ತು ನೆರೆಯ ಗೆಳತಿ ಆನ್ ಬಿ. ಅಂಥ 87 ವಿಳಾಸಗಳಿಗೆ ಪತ್ರ ಬರೆದರು. ಅಲ್-ಅನಾನ್ ಎಂಬ ಕುಟುಂಬದವರ ಸಂಘ ಹುಟ್ಟಿದ್ದು ಹಾಗೆ. ಅದರ ತಿರುಳು ಇದು: ಅವರ ಕುಡಿತಕ್ಕೆ ನೀನು ಕಾರಣಳಲ್ಲ, ಅದನ್ನು ನಿಲ್ಲಿಸುವುದು ನಿನ್ನ ಕೈಯಲ್ಲಿಲ್ಲ, ಆದರೆ ನಿನ್ನ ಬದುಕು ನಿನ್ನ ಕೈಯಲ್ಲಿದೆ.

ಮಕ್ಕಳ ಸರದಿ ಇನ್ನೂ ತಡವಾಗಿ ಬಂತು. 1957ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಹದಿಹರೆಯದ ಹುಡುಗ, ಅಪ್ಪ ಎಎಯಲ್ಲಿ, ಅಮ್ಮ ಅಲ್-ಅನಾನ್‌ನಲ್ಲಿ ಇದ್ದವನು, ನಮಗೂ ಒಂದು ಸಭೆ ಬೇಕೆಂದು ತನ್ನಂಥ ಕೆಲವರನ್ನು ಸೇರಿಸಿದ. ಅದು ಅಲಾಟೀನ್ ಆಯಿತು. ಲೆಕ್ಕ ಹಾಕಿ: ಕುಡಿದವನಿಗೆ 1935, ಹೆಂಡತಿಗೆ 1951, ಮಕ್ಕಳಿಗೆ 1957. ಅಂದರೆ ಹೆಂಡತಿ 16 ವರ್ಷ ಕಾಯಬೇಕಾಯಿತು, ಮಕ್ಕಳು 22 ವರ್ಷ. ಆ ಮಕ್ಕಳು ದೊಡ್ಡವರಾದ ಮೇಲೂ ಅದರ ನೆರಳು ಉಳಿಯುತ್ತದೆ ಎಂಬುದು ಜನಸಾಮಾನ್ಯರ ಮಾತಾದದ್ದು 1983ರಲ್ಲಿ ಜಾನೆಟ್ ವಾಯ್ಟಿಟ್ಸ್ ಅವರ ಪುಸ್ತಕ ಬಂದ ನಂತರ.

ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಒಂದು ಪ್ರೋಗ್ರಾಮಿನಲ್ಲಿ ಹಳೆಯ ದೋಷವೊಂದಿದ್ದರೆ ಉಳಿದ ಎಲ್ಲ ಭಾಗಗಳೂ ಅದಕ್ಕೆ ಹೊಂದಿಕೊಂಡು ಬೆಳೆದಿರುತ್ತವೆ. ಒಂದು ದಿನ ಯಾರೋ ಮೂಲ ದೋಷವನ್ನು ಸರಿಪಡಿಸುತ್ತಾರೆ. ಆಗ ಏನಾಗುತ್ತದೆ? ಚೆನ್ನಾಗಿ ಓಡುತ್ತಿದ್ದ ಉಳಿದ ಭಾಗಗಳು ಒಂದೊಂದಾಗಿ ಕೆಡತೊಡಗುತ್ತವೆ! ದೋಷ ಅವುಗಳದ್ದಲ್ಲ. ಅವು ಹೊಂದಿಕೊಂಡಿದ್ದ ಲೋಕವೇ ಬದಲಾಗಿರುತ್ತದೆ.

ನಮ್ಮ ಕಡೆಯ ಕಥೆ

ಎಎ 1957ರಲ್ಲಿ ಭಾರತಕ್ಕೂ ಬಂತು. 1979ರಲ್ಲಿ ಮದರಾಸಿನ ಟಿ.ಟಿ. ರಂಗನಾಥನ್ ಎಂಬ ಯುವಕ ಕುಡಿತದ ಕಾಯಿಲೆಗೆ ಬಲಿಯಾದರು. ಅವರ ಪತ್ನಿ ಶಾಂತಿ ರಂಗನಾಥನ್ ಮನೆಯಲ್ಲಿ ಕೂತು ಅಳಲಿಲ್ಲ. ಅಮೆರಿಕದಲ್ಲಿ ತರಬೇತಿ ಪಡೆದು, 1980ರಲ್ಲಿ ಗಂಡನ ಹೆಸರಿನಲ್ಲಿಯೇ ಚಿಕಿತ್ಸಾ ಕೇಂದ್ರ ತೆರೆದರು. ಅಲ್ಲಿ ರೋಗಿಯ ಜೊತೆ ಮನೆಯವರಿಗೂ ಚಿಕಿತ್ಸೆ. 1992ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಲೋಯಿಸ್‌ರಂತೆ ಇವರಿಗೂ ಗೊತ್ತಿತ್ತು, ಕಾಯಿಲೆ ಒಬ್ಬರದಲ್ಲ ಎಂದು.

ನಮ್ಮಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರಗಳನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಊರಿನ ಸಭಾಭವನದಲ್ಲೋ ಶಾಲೆಯಲ್ಲೋ ಎಂಟು ದಿನ. ಯೋಗ, ಭಜನೆ, ವೈದ್ಯರು, ಮಾತುಕತೆ. ಬಿಟ್ಟವರೇ ಬಂದು ಬಿಡಬೇಕಾದವರ ಜೊತೆ ಕೂರುತ್ತಾರೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಎಂದು ಮಾಡಿಕೊಂಡು ಒಬ್ಬರನ್ನೊಬ್ಬರು ಕಾಯುತ್ತಾರೆ. ಆಕ್ರನ್‌ಗೂ ಬೆಳ್ತಂಗಡಿಗೂ ಎಲ್ಲಿಯ ನಂಟು! ಆದರೆ ಗುಟ್ಟು ಒಂದೇ: ಅಕ್ಕಪಕ್ಕ ಕೂತವರ ಮಾತು.

ನಮ್ಮಪ್ಪ ಮೂಡಿಗೆರೆ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. 1998ರಲ್ಲಿ ನಾನು ಸೆಕೆಂಡ್ ಪಿಯುಸಿ. ಸೋದರಮಾವ ಅಪ್ಪನನ್ನು ಬಲವಂತದಿಂದ ಬಸ್ಸು ಹತ್ತಿಸಿ ಚಾರ್ಮಾಡಿ ಘಾಟಿ ಇಳಿಸಿ ಇಂಥದೊಂದು ಶಿಬಿರಕ್ಕೆ ಬಿಟ್ಟು ಬಂದರು. ಎಂಟು ದಿನದ ಮೇಲೆ ಅಪ್ಪ ಬಿಳಿ ಅಂಗಿ ಹಾಕಿಕೊಂಡು ಮನೆಗೆ ಬಂದರು. ಆಮೇಲೆ ಕುಡಿಯಲಿಲ್ಲ.

ಆದರೆ ನಾವು ಅವರಿಲ್ಲದೆ ಬದುಕಲು ಕಲಿತುಬಿಟ್ಟಿದ್ದೆವು. ಅಮ್ಮ ಸಂಬಳವನ್ನು ನೇರವಾಗಿ ಸಾಹುಕಾರರ ಹತ್ತಿರವೇ ಹೋಗಿ ತರುತ್ತಿದ್ದಳು. ನನ್ನ ಮಾರ್ಕ್ಸ್ ಕಾರ್ಡಿಗೆ ಅಕ್ಕ ಸಹಿ ಹಾಕುತ್ತಿದ್ದಳು. ನಾನು ರಾತ್ರಿ ಅಂಗಳದ ಕಲ್ಲಿನ ಮೇಲೆ ಚಪ್ಪಲಿಯ ಸದ್ದು ಕೇಳಿಯೇ ಈ ದಿನ ಎಷ್ಟು ಎಂದು ಹೇಳಬಲ್ಲವನಾಗಿದ್ದೆ. ಈಗ ಅಪ್ಪ ಆರು ಗಂಟೆಗೇ ಮನೆಗೆ ಬಂದು, ಖರ್ಚಿನ ಲೆಕ್ಕ ಕೇಳುತ್ತಾರೆ, ಓದಿದೆಯಾ ಅನ್ನುತ್ತಾರೆ, ಸಾರಿಗೆ ಉಪ್ಪು ಜಾಸ್ತಿ ಅನ್ನುತ್ತಾರೆ! ಒಂದು ಸಂಜೆ ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿ ಅಕ್ಕನಿಗೆ ಹೇಳಿದ್ದು ನನಗೆ ಕೇಳಿಸಿತು: "ಕುಡೀತಿದ್ದಾಗ ಮನೆ ಒಂದು ರೀತಿ ನಡೀತಿತ್ತು ಮಾರಾಯ್ತಿ. ಈಗ ಇವ್ರನ್ನ ಎಲ್ಲಿ ಕೂರ್ಸೋದು ಅಂತ್ಲೇ ಗೊತ್ತಾಗಲ್ಲ." ಆಗ ನನಗೆ ಅಮ್ಮನ ಮೇಲೆ ಸಿಟ್ಟು ಬಂದಿತ್ತು. ಲೋಯಿಸ್ ಚಪ್ಪಲಿಯ ಕಥೆ ಓದಿದ ಮೇಲೆಯೇ ಅರ್ಥವಾದದ್ದು.

ಅಪ್ಪ ಪೇಟೆಯ ಅಂಗಡಿಗಳ ಸಾಲವನ್ನೆಲ್ಲ ಎರಡು ವರ್ಷದಲ್ಲಿ ತೀರಿಸಿದರು. ಆದರೆ ಮನೆಯಲ್ಲಿ ನಮಗೆ ಏನೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ನಾನು ಎಂಜಿನಿಯರಿಂಗ್ ಎಂದು ಮನೆ ಬಿಟ್ಟೆ, ಆಮೇಲೆ ಎಂ.ಎಸ್. ಎಂದು ದೇಶವನ್ನೇ ಬಿಟ್ಟೆ. ಬಹುಶಃ ಆ ಅಂಗಳದ ಸದ್ದಿನಿಂದ ದೂರ ಬಂದೆನೇನೋ. ಇಂದಿಗೂ ರಾತ್ರಿ ಗ್ಯಾರೇಜಿನ ಬಾಗಿಲು ತೆರೆದರೆ ಒಂದು ಕ್ಷಣ ಉಸಿರು ಹಿಡಿಯುತ್ತೇನೆ. ಬರುತ್ತಿರುವುದು ಲೈಬ್ರರಿಯಿಂದ ಹೆಂಡತಿ ಮಗಳು ಅಷ್ಟೇ! ಮದ್ಯವ್ಯಸನದ ಅಪಾಯದಲ್ಲಿ ಸುಮಾರು ಅರ್ಧದಷ್ಟು ವಂಶವಾಹಿಯಿಂದ ಬರುತ್ತದೆ ಎಂದು ವಿಜ್ಞಾನ ಹೇಳುತ್ತದೆ. ಹಾಗೆಯೇ, ಕುಡುಕರ ಮಕ್ಕಳಲ್ಲಿ ಹೆಚ್ಚಿನವರು ಕುಡುಕರಾಗುವುದಿಲ್ಲ ಎಂದೂ ಹೇಳುತ್ತದೆ. ನಾನು ಎರಡನ್ನೂ ನೆನಪಿಟ್ಟುಕೊಂಡಿದ್ದೇನೆ.

ಮತ್ತೆ ಆ ಮನೆಗೆ ಬರೋಣ. ಡಾಕ್ಟರ್ ಬಾಬ್ ಬಾಟಲಿ ಬಚ್ಚಿಡುತ್ತಿದ್ದ ಜಾಗಗಳ ಬಗ್ಗೆ ಸ್ವಯಂಸೇವಕರು ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸುತ್ತಿದ್ದೆ. ಅಪ್ಪ ಇದ್ದಕ್ಕಿದ್ದಂತೆ ನಕ್ಕರು.

"ನಾನು ಗೊಬ್ಬರದ ಚೀಲದ ಹಿಂದೆ ಇಡ್ತಿದ್ದೆ" ಅಂದರು.

"ಗೊತ್ತಿತ್ತು" ಅಂದಳು ಅಮ್ಮ.

"ನನಗೂ" ಅಂದೆ ನಾನು.

ಹತ್ತೊಂಬತ್ತು ವರ್ಷದಲ್ಲಿ ಆ ವಿಷಯದ ಬಗ್ಗೆ ನಾವು ಮೂವರೂ ಒಟ್ಟಿಗೆ ಆಡಿದ ಮೊದಲ ಮಾತು ಅದು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ನಿಮಗೆಲ್ಲ ಬಹಳ ಕಷ್ಟ ಆಯ್ತು" ಅಂದರು. ಅಮ್ಮ ಏನೂ ಹೇಳಲಿಲ್ಲ. ಸ್ವಯಂಸೇವಕರಿಗೆ ಕನ್ನಡ ಬರದಿದ್ದರೂ ಏನೋ ಅರ್ಥವಾಗಿರಬೇಕು, ಮೂರು ಲೋಟ ಕಾಫಿ ತಂದುಕೊಟ್ಟರು. ತೀರಾ ನೀರು ಕಾಫಿ! ಕಾಫಿ ತೋಟದ ಮನುಷ್ಯ ನಮ್ಮಪ್ಪ ಒಂದು ಮಾತೂ ಆಡದೆ ಪೂರ್ತಿ ಕುಡಿದರು.

ವಾಪಸು ಬರುವಾಗ ಸಮಾಧಿಗೂ ಹೋದೆವು. ಸಾದಾ ಕಲ್ಲು, ಗಂಡ ಹೆಂಡತಿಯ ಹೆಸರು, ವರ್ಷ. ಎಎ ಎಂಬ ಅಕ್ಷರಗಳೂ ಇಲ್ಲ. ಅಮ್ಮ ಪಕ್ಕದ ಗಿಡದಿಂದ ಒಂದು ಹೂವು ಕಿತ್ತು ಆನ್ ಅವರ ಹೆಸರಿರುವ ಕಡೆ ಇಟ್ಟಳು.

ಗೆಳೆಯರೇ, ನಮ್ಮ ಬಳಗದಲ್ಲಿ ಮುನ್ನೂರು ಮನೆಗಳಿವೆ. ಅಷ್ಟರಲ್ಲಿ ನಮ್ಮದೊಂದೇ ಇಂಥ ಮನೆ ಎಂದು ನಾನು ನಂಬುವುದಿಲ್ಲ. ಊರಿನಲ್ಲಿ ಅಪ್ಪನೋ ಅಣ್ಣನೋ ಕುಡಿತ ಬಿಟ್ಟ ಸುದ್ದಿ ಬಂದಾಗ ನಾವು ಫೋನಿನಲ್ಲಿ ಅಭಿನಂದಿಸುವುದು ಅವರನ್ನು. ಮುಂದಿನ ಸಲ ಅದೇ ಫೋನನ್ನು ಅಮ್ಮನ ಕೈಗೂ, ಅತ್ತಿಗೆಯ ಕೈಗೂ ಕೊಡಲು ಹೇಳಿ. ನೀವು ಹೇಗಿದ್ದೀರಿ ಎಂದು ಕೇಳಿ. ಅಲ್-ಅನಾನ್ ಸಭೆಗಳು ನೀವಿರುವ ಊರಿನಲ್ಲಿಯೂ ಇರಬಹುದು. ಅಲ್ಲಿ ಹೆಸರು ಕೇಳುವುದಿಲ್ಲ, ಹಣ ಕೇಳುವುದಿಲ್ಲ. ಇದನ್ನು ಓದಿ ಏನಾದರೂ ಬರೆಯಬೇಕೆನಿಸಿದರೆ ಬರೆಯಿರಿ. ನಿಮ್ಮ ಹೆಸರು ಹಾಕಲೇಬೇಕೆಂದಿಲ್ಲ.

ಟೈರಿನ ಕಥೆ ಮುಂದಿನ ಸಲ, ಖಂಡಿತ.